ಪೇಪರ್ ಕಪ್ ಗುಜರಿಗೂ ಬೇಡವಾಗಿದ್ದು ಯಾಕೆ?

ಪ್ಲಾಸ್ಟಿಕ್ ಲೋಟ ಹೋಗಿ ಪೇಪರ್ ಕಪ್ ಬಂತು, ಇನ್ನು ಪರಿಸರದ ಚಿಂತೆ ಇಲ್ಲ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಒಂದು ಕೆಲಸ ಮಾಡಿ. ಕಾಫಿ ಕುಡಿದ ಕಪ್ಪನ್ನು ಹರಿದು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಒಳಮೈಯನ್ನು ಉಗುರಿನಿಂದ ಕೆರೆದು ಎಳೆಯಿರಿ. ತೆಳ್ಳಗಿನ ಪೊರೆಯೊಂದು ಕಿತ್ತು ಬರುತ್ತದೆ. ಅದೇ ಪ್ಲಾಸ್ಟಿಕ್.

ಇದರಿಂದ ಹಳೇ ಪೇಪರಿನಿಂದ ಹೊಸ ಪೇಪರ್ ಮಾಡುವ ಮಿಲ್ಲಿಗೆ ಏನು ತೊಂದರೆ? ಹಳೇ ಪೇಪರನ್ನು ಅಲ್ಲಿ ಪಲ್ಪರ್ ಅನ್ನೋ ದೊಡ್ಡ ತೊಟ್ಟಿಗೆ ಹಾಕಿ, ನೀರು ಬಿಟ್ಟು ಗರಗರ ತಿರುಗಿಸುತ್ತಾರೆ. ಕಾಗದದ ನಾರುಗಳು ಒಂದಕ್ಕೊಂದು ಹಿಡಿದುಕೊಂಡಿರುವುದು ಹೈಡ್ರೋಜನ್ ಬಂಧ ಅನ್ನೋ ದುರ್ಬಲ ಸೆಳೆತದಿಂದ. ನೀರು ಸೇರಿದರೆ ಅದು ಸಡಿಲ. ರಟ್ಟಿನ ಡಬ್ಬ ಇದರಲ್ಲಿ ಸಲೀಸಾಗಿ ಕರಗುತ್ತದೆ. ನ್ಯೂಸ್ ಪೇಪರಿಗಾದರೆ ಆಮೇಲೆ ಸೋಪಿನಂಥ ರಾಸಾಯನಿಕ ಹಾಕಿ ಗಾಳಿ ಊದುತ್ತಾರೆ. ಇಂಕು ಗುಳ್ಳೆಗಳಿಗೆ ಅಂಟಿ ಕಪ್ಪು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಕೆನೆ ತೆಗೆದ ಹಾಗೆ ತೆಗೆದುಬಿಡುತ್ತಾರೆ. ಕಪ್ ಹೀಗೆ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಜಾಸ್ತಿ ಹೊತ್ತು ಬೇಕು, ಪ್ಲಾಸ್ಟಿಕ್ ಚೂರು ಹೋಗಿ ಜರಡಿಗೆ ಸಿಕ್ಕಿಕೊಳ್ಳುತ್ತದೆ. ನ್ಯೂಸ್ ಪೇಪರಿಗೊಂದು ರೇಟು, ರಟ್ಟಿಗೊಂದು ರೇಟು ಹೇಳುವ ನಮ್ಮ ಗುಜರಿ ಅಂಗಡಿಯವರು ಕಪ್ ಕಂಡರೆ ಬೇಡ ಅಂತ ಕೈ ಆಡಿಸುವುದು ಇದಕ್ಕೇ.

ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಮರುಬಳಕೆ ಆದಷ್ಟೂ ನಾರು ತುಂಡಾಗುತ್ತದೆ, ಬಿರುಸಾಗುತ್ತದೆ. ಐದರಿಂದ ಏಳು ಸಲ ಅಂತ ಹೇಳುತ್ತಾರೆ, ಅಷ್ಟರಲ್ಲಿ ಅದರ ಕಥೆ ಮುಗಿಯಿತು. ಹಾಗಾಗಿ ಉದ್ದನೆಯ ಗಟ್ಟಿ ನಾರಿಗೆ ಮಿಲ್ಲುಗಳಲ್ಲಿ ಬೆಲೆ. ಕುಡಿಯುವ ಕಪ್ಪಿಗೆ ಸಾಮಾನ್ಯವಾಗಿ ಹಾಕುವುದು ಅಂಥದ್ದೇ ಹೊಸ ನಾರು! ಇಲ್ಲಿನ ರದ್ದಿ ಸಾಲದೆ ನಮ್ಮ ದೇಶದ ಮಿಲ್ಲುಗಳು ಅಮೆರಿಕ, ಯುರೋಪಿನಿಂದ ಹಡಗಿನಲ್ಲಿ ರದ್ದಿ ತರಿಸಿಕೊಳ್ಳುತ್ತವೆ. ಇತ್ತ ಹತ್ತು ನಿಮಿಷ ಬಳಸಿದ ಒಳ್ಳೇ ನಾರು ಕಸದ ಲಾರಿ ಹತ್ತುತ್ತದೆ.

ಆರೋಗ್ಯದ ಮಾತೂ ಇದೆ. ಖರಗ್‌ಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೇಪರ್ ಕಪ್ಪಿನಲ್ಲಿ 100 ಎಂಎಲ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ. ಅದರಿಂದ ದೇಹಕ್ಕೆ ಏನಾಗುತ್ತದೆ ಅನ್ನೋದು ಬೇರೆ ಪ್ರಶ್ನೆ, ಸುಮ್ನೆ ಹೆದರಿಸೋದು ಬೇಡ.

ದಾರಿ ಇಲ್ಲ ಅಂತಲ್ಲ. ಇಂಗ್ಲೆಂಡಿನ ಜೇಮ್ಸ್ ಕ್ರಾಪರ್ ಎಂಬ ಹಳೇ ಪೇಪರ್ ಮಿಲ್ 2013ರಲ್ಲೇ ಕಪ್ಪಿನಿಂದ ಪ್ಲಾಸ್ಟಿಕ್ ಬೇರೆ ಮಾಡಿ ನಾರು ತೆಗೆಯುವ ಘಟಕ ಶುರು ಮಾಡಿತು. ಆದರೆ ಅಂಥ ಘಟಕಕ್ಕೆ ಕಪ್ಪುಗಳನ್ನೇ ಬೇರೆಯಾಗಿ ಕೂಡಿಹಾಕಿ ಕಳಿಸಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿಸುವುದಕ್ಕೇ ಒದ್ದಾಡುತ್ತಿರುವ ನಮ್ಮ ಊರುಗಳಲ್ಲಿ ಇದು ಆಗುವ ಮಾತಾ? ನನಗೆ ಜಾಸ್ತಿ ನಂಬಿಕೆ ಇರುವುದು ನೀರಿನಲ್ಲಿ ಕಲಸಿ ಬಳಿಯುವ ಹೊಸ ಲೇಪನದ ಮೇಲೆ. ಹಾಳೆಯ ಹಾಗೆ ಕಿತ್ತು ಬರುವ ಪೊರೆ ಅಲ್ಲಿಲ್ಲ, ಚೆನ್ನಾಗಿ ಮಾಡಿದ್ದರೆ ಮಾಮೂಲಿ ಪಲ್ಪರಿನಲ್ಲೇ ಬಿಡಿಸಿಕೊಳ್ಳುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಅಂಚು ಅಂಟಿಸುವುದೂ ತಲೆನೋವು. ಯಾರೂ ತಾವಾಗಿ ಅದಕ್ಕೆ ಹೋಗುವುದಿಲ್ಲ.

ಹೋಗುವ ಹಾಗೆ ಸರ್ಕಾರವೇ ಮಾಡಬೇಕು. 2022ರ ಜುಲೈನಲ್ಲಿ ದೇಶದಾದ್ಯಂತ ಪ್ಲಾಸ್ಟಿಕ್ ಕಪ್ ನಿಷೇಧವಾದಾಗ ಈ ಪೇಪರ್ ಕಪ್ ಆರಾಮಾಗಿ ನುಸುಳಿಕೊಂಡಿತು. ಪಕ್ಕದ ತಮಿಳುನಾಡು 2019ರಲ್ಲೇ ಪ್ಲಾಸ್ಟಿಕ್ ಮೆತ್ತಿದ ಪೇಪರ್ ಕಪ್ಪನ್ನೂ ನಿಷೇಧಿಸಿತ್ತು. ತಯಾರಕರು ಸುಪ್ರೀಂ ಕೋರ್ಟ್‌ವರೆಗೂ ಹೋದರು, 2023ರಲ್ಲಿ ಕೋರ್ಟ್ ನಿಷೇಧವನ್ನೇ ಎತ್ತಿ ಹಿಡಿಯಿತು. ಪೂರಾ ನಿಷೇಧವೇ ಬೇಕು ಅಂತ ನಾನು ಹೇಳುವುದಿಲ್ಲ. ಮಾಮೂಲಿ ಮಿಲ್ಲಿನ ಪಲ್ಪರಿನಲ್ಲಿ ಕರಗುವ ಕಪ್ಪನ್ನು ಮಾತ್ರ ಮಾರಬಹುದು ಅಂತ ನಿಯಮ ಬರಲಿ, ಸಾಕು.

ಪೇಪರ್ ಕಪ್ ಬಿಟ್ಟು ದರ್ಶಿನಿಯಲ್ಲಿ ಸ್ಟೀಲ್ ಲೋಟ ಇಟ್ಟರೆ ತೊಳೆಯುವುದಕ್ಕೆ ನೀರು ಬೇಡವಾ ಅಂತ ಕೇಳುವವರು ಇದ್ದೇ ಇರುತ್ತೀರಿ. ಬೇಕು. ಕಪ್ಪಿನ ಕಾಗದ ಮಾಡುವುದಕ್ಕೂ ನೀರು ಬೇಕಲ್ವಾ?

ಗುಜರಿ ವ್ಯಾಪಾರದಲ್ಲಿರುವವರು, ಮಿಲ್ಲುಗಳಲ್ಲಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ತಿಳಿಸಿ. ನಿಮ್ಮ ಕಡೆ ಕಪ್ ತಗೋತಾರಾ? ಯಾವ ರೇಟಿಗೆ?