ಪುನರ್ವಸು ಮಳೆಯ ಕಂತು

ಒಂದು ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಎಂಥವರು ಅಂತ ತಿಳಿಯಬೇಕಾದರೆ ಅವರ ಭಾಷಣ ಕೇಳಬೇಕಾಗಿಲ್ಲ. ಸಂಘದ ನಡಾವಳಿ ಪುಸ್ತಕದಲ್ಲಿ ಜುಲೈ ತಿಂಗಳ ಪುಟಗಳನ್ನು ತೆಗೆದು ನೋಡಿ, ಸಾಕು.

ಯಾಕೆ ಜುಲೈ? ಮಲೆನಾಡಲ್ಲಿ ಕೂಲಿ ಹೆಣ್ಣುಮಕ್ಕಳ ಕೈಯಲ್ಲಿ ದುಡ್ಡು ಓಡಾಡೋದು ಅಡಿಕೆ ಕೊಯ್ಲು ಶುರುವಾದ ಮೇಲೆ. ದಸರಾ ಹೊತ್ತಿಂದ ಸುಮಾರು ಶಿವರಾತ್ರಿವರೆಗೆ ಸುಲಿಯೋದು, ಬೇಯಿಸೋದು, ಒಣಗಿಸೋದು, ಆರಿಸೋದು ಅಂತ ಏನಾದರೂ ಒಂದು ಕೆಲಸ ಇದ್ದೇ ಇರುತ್ತೆ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದ ಮೇಲೆ ಗದ್ದೆ ನಟ್ಟಿಯ ನಾಲ್ಕಾರು ದಿನ ಬಿಟ್ಟರೆ ಕೂಲಿ ಇಲ್ಲ. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೂ ಹೀಗೇ. ಖರ್ಚು ಮಾತ್ರ ನಿಲ್ಲಲ್ಲ. ಶಾಲೆ ಶುರುವಾಗಿರುತ್ತೆ, ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಜ್ವರ, ಹಿಂದೆಯೇ ಗೌರಿ ಹಬ್ಬ. ವರ್ಷವಿಡೀ ಒಂದೇ ಮೊತ್ತದ ಕಂತು ಇಟ್ಟ ಸಂಘಗಳು ಮುರಿಯೋದು ಈ ಮೂರು ತಿಂಗಳಲ್ಲೇ.

ಈ ಲೆಕ್ಕ ಯಾವ ತರಬೇತಿಯ ಕೈಪಿಡಿಯಲ್ಲೂ ಇರೋದಿಲ್ಲ. ತಿಂಗಳ ಸಂಬಳದವರು ಬರೆದ ಕೈಪಿಡಿಗೆ ಎಲ್ಲ ತಿಂಗಳೂ ಒಂದೇ. ಪುಷ್ಯ ಮಳೆಯಲ್ಲಿ ಕಿವಿಯ ಓಲೆ ಬಿಚ್ಚಿ ಗಿರವಿ ಇಟ್ಟು ಕಂತು ಕಟ್ಟಿದ ಹೆಂಗಸು ಅಧ್ಯಕ್ಷೆಯಾದರೆ ಮಾತ್ರ ಠರಾವು ಪುಸ್ತಕದಲ್ಲಿ ಒಂದು ಹೊಸ ಸಾಲು ಕಾಣಿಸುತ್ತೆ: "ಜೂನ್, ಜುಲೈ, ಆಗಸ್ಟ್ ಬಡ್ಡಿ ಮಾತ್ರ. ಅಸಲು ಸೆಪ್ಟೆಂಬರಿನಿಂದ."

ಲೆಕ್ಕ ಹಾಕಿ ನೋಡೋಣ. ಮಾರ್ಚಿನಲ್ಲಿ ಸಂಘದ ಸ್ವಂತ ನಿಧಿಯಿಂದ 20,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ 2,000 ಅಸಲು. ನೇರವಾಗಿ ಹತ್ತು ತಿಂಗಳು ಕಟ್ಟಿದರೆ ಒಟ್ಟು ಬಡ್ಡಿ 1,100. ಏಪ್ರಿಲ್, ಮೇ ಕಟ್ಟಿ, ಮಳೆಗಾಲದ ಮೂರು ತಿಂಗಳು ಉಳಿದ 16,000ಕ್ಕೆ ಬರೀ ಬಡ್ಡಿ 160 ಕೊಟ್ಟು, ಸೆಪ್ಟೆಂಬರಿನಿಂದ ಮತ್ತೆ ಎಂಟು ಕಂತು ಕಟ್ಟಿದರೆ ಬಡ್ಡಿ 1,580 ಆಗುತ್ತೆ. ಹೆಚ್ಚಾಗಿದ್ದು 480 ರೂಪಾಯಿ, ಅದೂ ಸಂಘದ ನಿಧಿಗೇ ಬರುತ್ತೆ. ಓಲೆ ಕಿವಿಯಲ್ಲೇ ಉಳಿಯುತ್ತೆ.

ಸಂಘದ ಹೆಸರಲ್ಲಿ ಬ್ಯಾಂಕಿನಿಂದ ತಂದ ಸಾಲಕ್ಕೆ (ಬ್ಯಾಂಕ್ ಲಿಂಕೇಜ್) ಮಾತ್ರ ಈ ರಿಯಾಯಿತಿ ಹಾಗೇ ಹೊಂದಲ್ಲ, ತುಂಬಾ ಸಂಘಗಳು ಎಡವೋದು ಇಲ್ಲೇ. ಸದಸ್ಯರಿಗೆ ಮೂರು ತಿಂಗಳು ಬಿಟ್ಟುಕೊಟ್ಟು ಬ್ಯಾಂಕಿನ ಕಂತನ್ನೂ ಬಿಟ್ಟರೆ, 90 ದಿನ ದಾಟಿದ ಕೂಡಲೇ ಇಡೀ ಸಂಘದ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ. ಒಬ್ಬರ ಕಷ್ಟಕ್ಕೆ ಹದಿನೈದು ಮನೆಯವರ ಮುಂದಿನ ಸಾಲ ನಿಲ್ಲುತ್ತೆ. ಅದಕ್ಕೇ ಅಡಿಕೆ ಕೆಲಸದ ದುಡ್ಡು ಓಡಾಡುವಾಗಲೇ, ದಸರಾದಿಂದ ಶಿವರಾತ್ರಿ ಒಳಗೆ, ಮೂರು ಬ್ಯಾಂಕ್ ಕಂತಿನಷ್ಟು ಹಣ ಸಂಘದ ಉಳಿತಾಯ ಖಾತೆಯಲ್ಲಿ ಎತ್ತಿಟ್ಟಿರಬೇಕು. ಮಳೆಗಾಲಕ್ಕೆ ಸೌದೆ ಕೂಡಿಡೋ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಷ್ಟದಿಂದ ನಾಯಕತ್ವಕ್ಕೆ ಏನು ಬರುತ್ತೆ ಅಂದರೆ ಎಲ್ಲರೂ "ಕರುಣೆ" ಅಂತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ನೋವು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವ ಶಕ್ತಿ. ನಮ್ಮ ಸಾಗರ ತಾಲೂಕಿನ ಕಾಗೋಡನ್ನೇ ನೋಡಿ. 1951ರ ಏಪ್ರಿಲಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಮಾತಿನಲ್ಲಿ ಕೊಳಗ ಇತ್ತು. ಗೇಣಿ ಭತ್ತ ಅಳೆಯೋಕೆ ಒಡೆಯರು ಇಟ್ಟುಕೊಂಡಿದ್ದ ದೊಡ್ಡ ಕೊಳಗ. ವರ್ಷಗಟ್ಟಲೆ ಕಣದಲ್ಲಿ ನಿಂತು ತಾವೇ ಬೆಳೆದ ಭತ್ತ ಆ ಕೊಳಗದಲ್ಲಿ ಹೋಗೋದನ್ನು ನೋಡಿದವರಿಗೆ ಪ್ರತಿ ಸಲ ಎಷ್ಟು ಹೆಚ್ಚು ಹೋಗುತ್ತೆ ಅನ್ನೋದು ಗೊತ್ತಿತ್ತು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಚಳವಳಿ ಬೆಳೆಯಿತು. ಜೂನಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಮರುವರ್ಷ ಚಳವಳಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಅನ್ನೋದು ಕಾನೂನಾಗಿ ಗಟ್ಟಿಯಾಗೋಕೆ 1974ರ ತಿದ್ದುಪಡಿವರೆಗೆ ಕಾಯಬೇಕಾಯಿತು. ಅಷ್ಟು ದೂರ ಹೋದ ದಾರಿ ಶುರುವಾಗಿದ್ದು ಕೊಳಗದ ಗಾತ್ರದಂಥ ಸಣ್ಣ, ಖಚಿತ ವಿಷಯದಿಂದ.

ಹಾಗಂತ ಕಷ್ಟ ಕಂಡವರೆಲ್ಲ ಒಳ್ಳೆ ನಾಯಕರಾಗ್ತಾರೆ ಅಂತ ನಾನು ಹೇಳಲ್ಲ. ತಿರುಗುಮುರುಗಾಗೋದೂ ಉಂಟು. "ಗಂಡ ಹಾಸಿಗೆ ಹಿಡಿದಾಗಲೂ ನಾನು ಒಂದು ಕಂತು ತಪ್ಪಿಸಲಿಲ್ಲ, ಇವಳಿಗೇನಂತೆ?" ಈ ಮಾತು ಎಷ್ಟು ಸಭೆಗಳಲ್ಲಿ ಕೇಳಿಬರಲ್ಲ ಹೇಳಿ! ಹೊರಗೆ ಮಳೆ ಸುರೀತಿರುತ್ತೆ, ಜಗಲಿಯ ಗೂಟದಲ್ಲಿ ಕೊಡೆಗಳು ನೀರಿಳಿಸುತ್ತಾ ಇರುತ್ತವೆ, ಒಳಗೆ ಹದಿನಾಲ್ಕು ಜನರ ಎದುರು ಒಬ್ಬಳ ಹೆಸರು, ಬಾಕಿ ಮೊತ್ತ ಗಟ್ಟಿಯಾಗಿ ಓದುತ್ತಾರೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿರುತ್ತಾಳೆ. ಮುಂದಿನ ವಾರ ಸಭೆಗೆ ಬರಲ್ಲ. ಅದರ ಮುಂದಿನ ವಾರ ಬೇರೆ ಕಡೆ ಕಿರುಸಾಲ ಎತ್ತಿ ಇಲ್ಲಿ ಕಟ್ಟಿರುತ್ತಾಳೆ. ಪುಸ್ತಕದಲ್ಲಿ ಬಾಕಿ ಸೊನ್ನೆ, ಮನೆಯಲ್ಲಿ ಸಾಲ ಎರಡು. ಕಿರುಸಾಲ ವಸೂಲಿಯ ಕಿರುಕುಳ ತಡೆಯೋಕೆ 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ಅಂಥ ಸಾಲದ ಬಾಗಿಲಿಗೆ ನಮ್ಮದೇ ಸಂಘದ ಸಭೆಗಳು ಎಷ್ಟು ಜನರನ್ನು ತಳ್ಳಿವೆ ಅನ್ನೋದನ್ನೂ ನಾವು ಯೋಚಿಸಬೇಕು.

ಬಾಕಿ ಉಳಿದರೆ ಅಧ್ಯಕ್ಷೆ ಸಭೆಯ ಹಿಂದಿನ ದಿನವೇ ಒಬ್ಬರೇ ಅವಳ ಮನೆಗೆ ಹೋಗಬೇಕು. ಕೇಳಬೇಕಾದ್ದು ಮೂರೇ ಪ್ರಶ್ನೆ. ಈ ತಿಂಗಳು ಕೆಲಸ ಎಷ್ಟು ದಿನ ಸಿಕ್ಕಿತು? ಬೇರೆ ಎಲ್ಲಾದರೂ ಸಾಲ ಇದೆಯಾ? ಎಷ್ಟು ಕಟ್ಟೋಕೆ ಆಗುತ್ತೆ, ಯಾವತ್ತು? ಮೂರನೆಯದಕ್ಕೆ ಮೊತ್ತ, ತಾರೀಕು ಎರಡೂ ಅವಳ ಬಾಯಿಂದಲೇ ಬರಬೇಕು. ನಾವು ಹೇಳಿದ ತಾರೀಕು ತಪ್ಪುತ್ತೆ, ಅವರೇ ಹೇಳಿದ್ದು ಸಾಮಾನ್ಯವಾಗಿ ತಪ್ಪಲ್ಲ. ಸಭೆಯಲ್ಲಿ ಆ ತಾರೀಕನ್ನಷ್ಟೇ ಬರೆಯೋದು, ಕಾರಣ ಬರೆಯೋದು ಬೇಡ.

ಇನ್ನೊಂದು ತಪ್ಪು ನೋಡೋಕೆ ಒಳ್ಳೆಯತನದ ಹಾಗೇ ಇರುತ್ತೆ. ಕಷ್ಟ ಉಂಡ ಅಧ್ಯಕ್ಷೆಗೆ ಇನ್ನೊಬ್ಬರ ಕಷ್ಟ ನೋಡೋಕಾಗಲ್ಲ, ಕೈಯಿಂದ 500 ಹಾಕಿ ಕಂತು ತುಂಬಿಬಿಡ್ತಾರೆ. ಎರಡನೇ ತಿಂಗಳಿಗೆ ಇಬ್ಬರು ಬರ್ತಾರೆ, ಮೂರನೇ ತಿಂಗಳಿಗೆ ನಾಲ್ವರು. ಪುಸ್ತಕದಲ್ಲಿ ಎಲ್ಲ ಸರಿ ಇರೋದರಿಂದ ಸಂಘ ಸೋರ್ತಾ ಇರೋದು ಯಾರಿಗೂ ಕಾಣಲ್ಲ. ಕೊನೆಗೆ ಆಕೆ ಸೋತು ಬಿಟ್ಟುಹೋದ ದಿನ ಸಂಘವೂ ಮುಗೀತು.

ಇದರ ಬದಲು ವಾರದ ಉಳಿತಾಯದ ಜೊತೆ ತಲೆಗೆ ಹತ್ತು ರೂಪಾಯಿ ಬೇರೆ ತೆಗೆದಿಡಿ. ಹದಿನೈದು ಜನ, 52 ವಾರ, 7,800 ರೂಪಾಯಿ. ಇದು ಆಪತ್ತಿಗೆ ಮಾತ್ರ. ರಾತ್ರಿ ಹೊತ್ತು ಒಳಹಳ್ಳಿಯಿಂದ ಬಸುರಿಯನ್ನೋ ಹಾವು ಕಚ್ಚಿದವರನ್ನೋ ಶಿವಮೊಗ್ಗಕ್ಕೆ ಕರೆದೊಯ್ಯೋ ಜೀಪಿಗೆ ಮುಂದಿನ ಸೋಮವಾರದ ಸಭೆವರೆಗೆ ಕಾಯೋಕಾಗಲ್ಲ. ಹಾಗಾಗಿ 3,000ದವರೆಗೆ ಇಬ್ಬರು ಪದಾಧಿಕಾರಿಗಳು ಸಹಿ ಹಾಕಿ ಅವತ್ತೇ ಕೊಡಬಹುದು, ಮುಂದಿನ ಸಭೆಯಲ್ಲಿ ಎಲ್ಲರ ಎದುರು ಓದಿ ಒಪ್ಪಿಗೆ ಪಡೆಯಬೇಕು ಅಂತ ಮೊದಲೇ ಠರಾವು ಮಾಡಿಡಿ. ಅಷ್ಟು ನಗದನ್ನು ಪೆಟ್ಟಿಗೆಯಲ್ಲೇ ಇಡಿ. ರಾತ್ರಿ ಎರಡು ಗಂಟೆಗೆ ಬ್ಯಾಂಕ್ ತೆರೆದಿರಲ್ಲ.

ಕಷ್ಟ ಉಂಡವರ ಮಾತಿಗೆ ತೂಕ ಇರೋದು ಸಂಘದ ಹೊರಗೂ ಕಾಣುತ್ತೆ. ಮಂಗನ ಕಾಯಿಲೆಯನ್ನೇ ತಗೊಳ್ಳಿ. ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಕಾಣಿಸಿದ್ದು 1957ರಲ್ಲಿ. ಕಾಡಿಗೆ ಹೋಗುವ ಮೊದಲು ಕಾಯಿಲೆ ಹರಡುವ ಉಣುಗು ಕಚ್ಚದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ ಅಂತ ಮೈಕಿನಲ್ಲಿ ಎಷ್ಟು ಕೂಗಿದರೂ ಜನ ತಲೆಯಾಡಿಸಿ ಸುಮ್ಮನಾಗ್ತಾರೆ. ಕಾಯಿಲೆ ಬಿದ್ದು ಎದ್ದವರು ಹೇಳಿದರೆ ಬಾಟಲಿ ಕೈಗೆತ್ತಿಕೊಳ್ತಾರೆ. ಅವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತೆ. ಜ್ವರ ಇಳಿದು ಒಂದೆರಡು ವಾರ ಚೆನ್ನಾಗಿದ್ದು ಕೆಲವರಿಗೆ ಮತ್ತೆ ಏರುತ್ತೆ, ಎರಡನೇ ಸಲ ತಲೆನೋವು, ಮಂಪರು ಸೇರಿಕೊಳ್ಳುತ್ತೆ. ಹಾಗಾಗಿ "ಜ್ವರ ಬಿಡ್ತಲ್ಲ, ನಾಳೆಯಿಂದ ಕೆಲಸಕ್ಕೆ ಬಾ" ಅಂತ ಅವರು ಯಾರಿಗೂ ಹೇಳಲ್ಲ.

ನಿಮ್ಮೂರ ಸಂಘದಲ್ಲಿ ಮುಂದಿನ ಬಾರಿ ಅಧ್ಯಕ್ಷೆಯ ಆಯ್ಕೆ ಬಂದಾಗ ಚೆನ್ನಾಗಿ ಮಾತಾಡುವವರ ಹೆಸರು ಮೊದಲು ಬರುತ್ತೆ. ಬರಲಿ. ಆದರೆ ಹಳೆಯ ನಡಾವಳಿ ಪುಸ್ತಕವನ್ನೂ ಒಮ್ಮೆ ತಿರುವಿ ಹಾಕಿ. ಪದಾಧಿಕಾರಿಯಾಗಿದ್ದಾಗ ತನ್ನದೇ ಕಂತು ತಡವಾಗಿದ್ದನ್ನು ತನ್ನ ಕೈಯಿಂದಲೇ ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ "ದಂಡ 5 ರೂ. ಪಾವತಿ" ಅಂತ ಸಹಿ ಹಾಕಿದವರು ಯಾರಾದರೂ ಇದ್ದರೆ, ಅವರ ಮನೆಗೆ ಹೋಗಿ ಕೇಳಿ. ಬಹುಶಃ ಮೊದಲು ಬೇಡ ಅಂತಾರೆ. ಇನ್ನೊಂದು ಸಲ ಹೋಗಿ.