ಪುದುಚೇರಿಯ ವೈಶ್ಯಾಳ್ ಬೀದಿ ಮತ್ತು ನಮ್ಮ ಹಳೇಪೇಟೆ

ಪುದುಚೇರಿಗೆ ಹೋಗಿ ಬಂದವರೆಲ್ಲ ಹಾಕುವ ಫೋಟೋ ಒಂದೇ: ಹಳದಿ ಗೋಡೆ, ಕಾಗದದ ಹೂವು, ಹಿಂದೆ ಕಡಲು. ಚೆಂದವೇ, ಬೇಡ ಅನ್ನಲ್ಲ. ಆದರೆ ದಾವಣಗೆರೆಯವರು ಅಲ್ಲಿ ನೋಡಲೇಬೇಕಾದ್ದು ಫ್ರೆಂಚರ ಬೀದಿಗಳನ್ನೂ ತಮಿಳರ ಬೀದಿಗಳನ್ನೂ ಬೇರೆ ಮಾಡುವ ದೊಡ್ಡ ಕಾಲುವೆಯ ಈಚೆ, ತಮಿಳರ ಕಡೆಯಲ್ಲಿದೆ.

ಅಲ್ಲಿನ ಮನೆಗಳಿಗೆ ಬೀದಿಗೆ ತೆರೆದ ಜಗಲಿ, ಮರದ ಕಂಬ, ಒಳಗೆ ಅಂಗಳ. ಕೆಲವು ಮನೆಗಳ ಕೆಳಗಿನ ಅಂತಸ್ತು ಪೂರಾ ತಮಿಳು, ಮೇಲಿನದು ಕಮಾನು ಕಿಟಕಿಯ ಫ್ರೆಂಚ್. ಅಂಥ ಹಳೇ ಮನೆಯೊಂದು ಈಗ ಮೇಜೋ ಪೆರುಮಾಳ್ ಎಂಬ ಹೋಟೆಲ್. ಕಾಲುವೆಯ ಆಚೆ, ಒಂದು ಕಾಲದಲ್ಲಿ ಶಿಕ್ಷಣ ಇಲಾಖೆ ಇದ್ದ ಬಂಗಲೆ ಹೋಟೆಲ್ ದ ಲೋರಿಯಾಂ ಆಗಿದೆ. ಸುಮ್ನೆ ಬೀಗ ಹಾಕಿಟ್ಟಿದ್ದರೆ ಇವು ಉಳಿಯುತ್ತಿದ್ದವಾ? ದುಡಿಯುವ ಮನೆಗೆ ಸುಣ್ಣ ಬಣ್ಣ ತಾನಾಗಿ ಆಗುತ್ತದೆ.

ಆದರೂ ನನಗೆ ಹೋಟೆಲಿಗಿಂತ ವೈಶ್ಯಾಳ್ ಬೀದಿ ದೊಡ್ಡದು. ಅಲ್ಲಿ ಉಳಿಸಿದ್ದು ಒಂದು ಬಂಗಲೆಯನ್ನಲ್ಲ, ಜನ ವಾಸವಿದ್ದ ಬೀದಿಯನ್ನು. ಯುರೋಪಿಯನ್ ಒಕ್ಕೂಟದ ಏಷಿಯಾ ಅರ್ಬ್ಸ್ ಯೋಜನೆಯ ನೆರವಿತ್ತು, ಹಳೇ ಕಟ್ಟಡ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ನಿಂತು ಕೆಲಸ ಮಾಡಿಸಿದರು. ಮನೆಯವರು ಅರ್ಧ ಖರ್ಚು ಹಾಕಿದರೆ ಉಳಿದರ್ಧ ಯೋಜನೆಯದು. ಮುಂಭಾಗ ಮೊದಲಿನಂತಾಯಿತು, ಒಳಗಿನ ಸಂಸಾರ ಅಲ್ಲೇ ಉಳಿಯಿತು. 2008ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ಬಂತು. ಎಲ್ಲ ಮನೆಯೂ ಹೋಟೆಲಾದರೆ ಬೀದಿಯಲ್ಲಿ ಪ್ರವಾಸಿಗಳೇ ಉಳಿಯುತ್ತಾರೆ, ರಂಗೋಲಿ ಹಾಕುವವರು ಇರುವುದಿಲ್ಲ. ಅದು ನನಗೆ ಬೇಡ.

ನಿರ್ಲಕ್ಷ್ಯಕ್ಕೂ ಆ ಊರಲ್ಲೇ ಉದಾಹರಣೆ ಇದೆ. ಕಡಲ ದಂಡೆಯ ಮೇರಿ, ಅಂದರೆ ಫ್ರೆಂಚರ ಕಾಲದ ಪುರಭವನ, 2014ರ ನವೆಂಬರಿನ ಮಳೆಗೆ ಕುಸಿದೇ ಬಿತ್ತು. ಅದನ್ನು ಮತ್ತೆ ಅದೇ ರೂಪದಲ್ಲಿ ಕಟ್ಟಿ 2021ರಲ್ಲಿ ತೆರೆದರು. ಮೊದಲೇ ಸೂರು ಸೋರದಂತೆ ನೋಡಿಕೊಂಡಿದ್ದರೆ ಎಷ್ಟು ಕಡಿಮೆಯಲ್ಲಿ ಮುಗಿಯುತ್ತಿತ್ತು!

ಈಗ ನಮ್ಮೂರಿಗೆ ಬನ್ನಿ. ನಮಗೆ ಉಪ್ಪುಗಾಳಿಯಿಲ್ಲ, ಕಬ್ಬಿಣ ತಿನ್ನುವ ಕಡಲಿಲ್ಲ. ಒಣ ಹವೆ. ಹಳೇ ಮನೆ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಆದರೂ ಚೌಕಿಪೇಟೆ, ಮಂಡಿಪೇಟೆ ಸುತ್ತಿನ ಹಳೇ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಹತ್ತಿ, ದವಸದ ವ್ಯಾಪಾರದಲ್ಲಿ ಎದ್ದ ಮನೆಗಳವು. ಸಾಗವಾನಿ ಕಂಬ, ತೊಲೆ, ಮಾಳಿಗೆಯ ಬೆಳಕಿಂಡಿ, ಮೂಟೆ ಇಳಿಸಿಕೊಳ್ಳುತ್ತಿದ್ದ ಜಗಲಿ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಜಗಲಿ ಹೋಗಿ ಶಟರ್ ಬರುತ್ತದೆ, ಕಂಬಗಳು ಹಳೇ ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ. ನಮ್ಮ ಕಂಬ ಇನ್ಯಾವುದೋ ರೆಸಾರ್ಟಿನಲ್ಲಿ ನಿಂತು ದುಡಿಯುತ್ತದೆ. ಹೊಟ್ಟೆ ಉರಿಯುತ್ತದೆ ನನಗೆ.

ಮನೆಯವರನ್ನು ಬೈಯಲಾರೆ. ಮಾಳಿಗೆ ಸೋರಿದರೆ ರಿಪೇರಿಗೆ ಆಳು ಸಿಗಲ್ಲ. ಸಿಕ್ಕವರು ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯುತ್ತಾರೆ. ಒಳಗಿನ ತೇವ ಹೊರಬರಲಾಗದೆ ಗೋಡೆ ಉದುರುತ್ತದೆ. ಆಮೇಲೆ "ಹಳೇದು, ಕೆಡವಿಬಿಡಿ" ಅನ್ನುತ್ತಾರೆ.

ಸ್ಮಾರ್ಟ್ ಸಿಟಿಗೆ 2016ರ ಮೊದಲ 20 ಊರುಗಳಲ್ಲೇ ನಮ್ಮದು ಆಯ್ಕೆಯಾಗಿತ್ತು. ಊರಿನ ಕೆಲಸಕ್ಕೆ ಹಣ ಹೊಂದಿಸುವುದು ನಮಗೆ ಹೊಸದಲ್ಲ. ಪಾಲಿಕೆ ಒಂದೇ ಒಂದು ಬೀದಿ ಆರಿಸಲಿ. ಮುಂಭಾಗದ ರಿಪೇರಿಗೆ ಅರ್ಧ ಖರ್ಚು ಕೊಡಲಿ, ಸುಣ್ಣದ ಗಾರೆ ಕೆಲಸ ಬಲ್ಲವರನ್ನು ಕರೆಸಲಿ. ಬೆಣ್ಣೆ ದೋಸೆಗೆಂದೇ ದೂರದೂರಿನಿಂದ ಬರುವವರಿದ್ದಾರೆ. ಅವರು ರಾತ್ರಿ ತಂಗಲು ಇಂಥ ಒಂದೆರಡು ಮನೆ ಇದ್ದರೆ ಖಂಡಿತ ತುಂಬುತ್ತವೆ. ಉಳಿದವುಗಳಲ್ಲಿ ಮನೆಯವರೇ ಇರಲಿ.

ನಿಮ್ಮದೋ ನೆಂಟರದೋ ಇಂಥ ಮನೆ ಇದ್ದರೆ, ಕೆಡವುವ ಮಾತು ಬರುವ ಮೊದಲೇ ಜಗಲಿ, ಕಂಬ, ಬಾಗಿಲಿನ ಫೋಟೋ ಇಲ್ಲಿ ಹಾಕಿ. ಯಾವ ಬೀದಿ ಅಂತ ಬರೆಯಿರಿ. ಎಲ್ಲ ಒಟ್ಟು ಮಾಡಿ ಪಾಲಿಕೆಗೆ ಕೊಡುತ್ತೇನೆ.