ಮಾಲ್ಡೀವ್ಸ್‌ನಲ್ಲಿ ಸೈಟ್ ಅಳೆಯುವ ಮೊದಲು ಮರಳು, ನೀರು ಅಳೆಯಬೇಕು

ಮಾಲ್ಡೀವ್ಸ್ ಅಂದರೆ ನಮ್ಮಲ್ಲಿ ಒಂದೋ ಹನಿಮೂನ್ ಫೋಟೊ, ಇಲ್ಲವೇ "ಇನ್ನೇನು ಮುಳುಗುತ್ತೆ" ಅನ್ನೋ ಸುದ್ದಿ. ಅಲ್ಲಿನ ಶೇ 80ರಷ್ಟು ನೆಲ ಸಮುದ್ರ ಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ, ನಿಜ. ಆದರೆ ಎಷ್ಟೋ ದ್ವೀಪಗಳಲ್ಲಿ ಇವತ್ತಿನ ಕಡಲ್ಕೊರೆತಕ್ಕೂ ಉಪ್ಪಾದ ಬಾವಿಗೂ ಕಾರಣ ಹುಡುಕಿದರೆ ಮೊದಲು ಸಿಗೋದು ಕೆಟ್ಟ ಪ್ಲಾನಿಂಗು.

ಹವಳದ ದ್ವೀಪ ಅಂದರೆ ರೀಫ್ (ಕಡಲೊಳಗಿನ ಹವಳದ ದಿಬ್ಬ) ಮೇಲೆ ಕೂತ ಮರಳು. ನೈಋತ್ಯ ಮಳೆಗಾಲದಲ್ಲಿ (ಅವರ ಹುಳಂಗು) ಪಶ್ಚಿಮ ದಂಡೆಯ ಮರಳು ದ್ವೀಪವನ್ನು ಬಳಸಿಕೊಂಡು ಪೂರ್ವಕ್ಕೆ ಸೇರುತ್ತೆ. ಈಶಾನ್ಯ ಗಾಳಿ ಬೀಸಿದಾಗ ವಾಪಸ್ ಬರುತ್ತೆ. ಈ ಓಡಾಟದ ನಡುವೆ ಕಲ್ಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಹಾಕಿ, ರೀಫ್ ಕಡಿದು ಹಾರ್ಬರ್ ಮಾಡಿದರೆ ಒಂದಷ್ಟು ಮರಳು ಗೋಡೆಯ ಈಚೆ ನಿಲ್ಲುತ್ತೆ, ಉಳಿದದ್ದು ದೋಣಿ ಹೋಗುವ ಚಾನೆಲ್‌ಗೆ ಬೀಳುತ್ತೆ. ಆಚೆ ದಂಡೆ ಕರಗೋಕೆ ಶುರು. ಆಮೇಲೆ ಮರಳಿನ ಚೀಲ, ಆಮೇಲೆ ಗೋಡೆ. ಗೋಡೆಗೆ ಬಡಿದ ಅಲೆ ಅದರ ಬುಡವನ್ನೇ ಕೆರೆಯುತ್ತೆ, ಕೊರೆತ ಗೋಡೆಯ ತುದಿಯಿಂದ ಮುಂದಕ್ಕೆ ಹೋಗುತ್ತೆ. ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಬರ್ ಬೇಡ ಅನ್ನುತ್ತಿಲ್ಲ. ಕಂಬಗಳ ಮೇಲಿನ ಜೆಟ್ಟಿ ಸಾಕಾಗುವ ಕಡೆ ಗಟ್ಟಿ ಗೋಡೆ ಯಾಕೆ? ಗೋಡೆ ಬೇಕೇ ಬೇಕು ಅಂದರೆ, ಹೂಳೆತ್ತಿದ ಮರಳನ್ನು ಪ್ರತಿ ವರ್ಷ ಕೊರೆಯುತ್ತಿರುವ ದಂಡೆಗೆ ಹಾಕುವ ಖರ್ಚೂ ಅದೇ ಬಜೆಟ್‌ನಲ್ಲಿರಬೇಕು. ಒಂದೇ ಋತುವಿನಲ್ಲಿ ಸರ್ವೆ ಮಾಡಿ ದಂಡೆಯ ಗಡಿ ಗೆರೆ ಎಳೆಯೋದಂತೂ ಶುದ್ಧ ಅವಿವೇಕ.

ನೀರಿನ ಕಥೆ ಇನ್ನೂ ಸೂಕ್ಷ್ಮ. ಮಳೆನೀರು ಮರಳಲ್ಲಿ ಇಂಗಿ, ಭಾರದ ಉಪ್ಪುನೀರಿನ ಮೇಲೆ ತೇಲುತ್ತೆ. ಸಮುದ್ರ ಮಟ್ಟದಿಂದ 10 ಸೆಂ.ಮೀ. ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 4 ಮೀಟರ್ ಇರಬೇಕು ಅನ್ನೋದು ಪುಸ್ತಕದ ಲೆಕ್ಕ. ಉಬ್ಬರ-ಇಳಿತಕ್ಕೆ ಕಲಸಿಹೋಗಿ ಕೈಗೆ ಸಿಗೋದು ಅದಕ್ಕಿಂತ ಕಡಿಮೆ. ಈ ಪದರ ಸಾಮಾನ್ಯವಾಗಿ ನಡುಭಾಗದಲ್ಲೇ ದಪ್ಪ. ಅದೇ ನಡುಭಾಗದಲ್ಲಿ ಒತ್ತೊತ್ತಾಗಿ ಮನೆ, ಒಂದೇ ಅಂಗಳದಲ್ಲಿ ಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್! ಜೋರು ಪಂಪ್ ಇಟ್ಟು ಒಂದೇ ಕಡೆ ಎಳೆದರೆ ಅಡಿಯ ಉಪ್ಪುನೀರು ಮೇಲೇರುತ್ತೆ. ಪೆಸಿಫಿಕ್‌ನ ದ್ವೀಪ ದೇಶ ಕಿರಿಬಾಟಿಯ ತರಾವಾದಲ್ಲಿ ಬೋನ್ರಿಕಿ ಅನ್ನೋ ಜಾಗವನ್ನು ನೀರಿಗೆಂದೇ ಮೀಸಲಿಟ್ಟು, ತೂತಿನ ಪೈಪುಗಳನ್ನು ಅಡ್ಡಡ್ಡ ಹೂತು ಮೇಲ್ಪದರದ ನೀರನ್ನಷ್ಟೇ ನಿಧಾನಕ್ಕೆ ತೆಗೆಯುತ್ತಾರೆ. ಮಾಲ್ಡೀವ್ಸ್ ರಾಜಧಾನಿ ಮಾಲೆ ತನ್ನ ಅಂತರ್ಜಲ ಕೆಡಿಸಿಕೊಂಡು ಡಿಸಾಲಿನೇಷನ್ (ಸಮುದ್ರದ ನೀರಿನ ಉಪ್ಪು ತೆಗೆಯೋದು) ನಂಬಿತು. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತದಿಂದ ವಿಮಾನ, ಹಡಗಿನಲ್ಲಿ ಕುಡಿಯುವ ನೀರು ಹೋಗಬೇಕಾಯಿತು.

ಉತ್ತರದ ಕುಳುದುಫ್ಫುಶಿಯಲ್ಲಿ 2017ರಲ್ಲಿ ವಿಮಾನ ನಿಲ್ದಾಣಕ್ಕಾಗಿ ಕಾಂಡ್ಲಾ (ಮ್ಯಾಂಗ್ರೋವ್) ಜೌಗಿನ ದೊಡ್ಡ ಭಾಗ ಮುಚ್ಚಿದರು. ಹತ್ತಿರದ ಹನಿಮಾಧೂನಲ್ಲಿ ಆಗಲೇ ವಿಮಾನ ನಿಲ್ದಾಣ ಇತ್ತು. ಆ ಜೌಗಿನ ಕೆಸರಲ್ಲಿ ತೆಂಗಿನ ಸಿಪ್ಪೆ ಹೂತು, ಕೊಳೆಸಿ, ಬಡಿದು ಹಗ್ಗ ಹೊಸೆಯುತ್ತಿದ್ದವರು ಹೆಂಗಸರು. ಅವರ ಆದಾಯ ಹೋಯಿತು, ಊರಿನ ಮಳೆನೀರು ನಿಲ್ಲುವ ತಗ್ಗೂ ಹೋಯಿತು.

ಹಾಗಂತ ಸಮುದ್ರ ತುಂಬೋದೆಲ್ಲ ಪಾಪ ಅನ್ನುವವರ ಜೊತೆ ನಾನಿಲ್ಲ. ಮಾಲೆ ಪಕ್ಕದಲ್ಲಿ ಸಮುದ್ರ ತುಂಬಿ ಮಾಡಿದ, 1997ರಲ್ಲಿ ಶುರುವಾದ ಹುಳುಮಾಲೆ ದ್ವೀಪದ ಮೊದಲ ಹಂತ 188 ಹೆಕ್ಟೇರ್, ಎತ್ತರ ಸುಮಾರು 2 ಮೀಟರ್. ಉಸಿರುಗಟ್ಟಿದ ರಾಜಧಾನಿಗೆ ಅದು ಬೇಕಿತ್ತು. ಒಂದು ಕಡೆ ಎತ್ತರಿಸಿ ಸರಿಯಾಗಿ ಕಟ್ಟೋದು, ಚುನಾವಣೆ ಬಂದಾಗಲೆಲ್ಲ ದ್ವೀಪಕ್ಕೊಂದು ತುಂಡು ತುಂಬೋದಕ್ಕಿಂತ ವಾಸಿ.

ತುಂಬುವಾಗ ಎರಡು ವಿಷಯದಲ್ಲಿ ರಾಜಿ ಕೂಡದು. ರೀಫ್‌ನ ಅಂಚಿನವರೆಗೆ ತುಂಬಬಾರದು. ಅಲೆ ಒಡೆದು ಸುಸ್ತಾಗೋಕೆ ಜಾಗ ಬೇಕು. ಮಾಲೆಯಲ್ಲಿ ಆ ಜಾಗವನ್ನೇ ತುಂಬಿದ್ದರು. 1987ರ ಏಪ್ರಿಲ್‌ನಲ್ಲಿ ದೂರದಿಂದ ಬಂದ ದೊಡ್ಡ ಅಲೆಗಳು ನಗರಕ್ಕೇ ನುಗ್ಗಿದವು, ಆಮೇಲೆ ಜಪಾನ್ ನೆರವಲ್ಲಿ ಟೆಟ್ರಾಪಾಡ್ (ನಾಲ್ಕು ಕಾಲಿನ ಕಾಂಕ್ರೀಟ್ ತುಂಡು) ಗೋಡೆ ಕಟ್ಟಬೇಕಾಯಿತು. ಇನ್ನೊಂದು, ಲೆವೆಲ್. ಹೊಸ ಬಡಾವಣೆ ಹಳೇ ಊರಿಗಿಂತ ಅರ್ಧ ಮೀಟರ್ ಎತ್ತರವಾದರೂ ಸಾಕು, ಮಳೆನೀರೆಲ್ಲ ಹಳೇ ಮನೆಗಳಿಗೆ ಇಳಿಯುತ್ತೆ. ಎರಡರ ನಡುವೆ ಇಂಗುಕಾಲುವೆ ತೋರಿಸದ ಪ್ಲಾನ್‌ಗೆ ಸಹಿ ಹಾಕಲೇಬಾರದು.